ಚಂದ್ರಿಗೆ ಹೆದರಿದ ಕತ್ತರಿ: ‘ಸಂಸ್ಕಾರ’, ‘ಸೈಕೋ’ ಮತ್ತು ನಾವು

(ಪುಣೆಯ ಮಾರ್ಕೆಟ್ ಯಾರ್ಡ್‌ನಲ್ಲಿ ನಡೆದ ಮಹಿಳಾ ವೇದಿಕೆಯ ತಿಂಗಳ ಕೂಟದಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು ಐಟಿಯವಳು. ಓದಿದ್ದು ಎಂ.ಟೆಕ್. ಸಿನಿಮಾ ವಿಮರ್ಶೆ ನನ್ನ ಕಸುಬಲ್ಲ. ಆದರೂ ಸಿನಿಮಾ ಮತ್ತು ಸೆನ್ಸಾರ್ ಬಗ್ಗೆ ಮಾತಾಡುತ್ತೇನೆ ಅಂತ ನಾನೇ ಕೇಳಿಕೊಂಡೆ. ಅದಕ್ಕೆ ಎರಡು ಕಾರಣ ಇವೆ. ಒಂದು, ನನ್ನ ಕೆಲಸವೇ ಹತ್ತಿರಹತ್ತಿರ ಅದು: ವಿಡಿಯೊಗಳನ್ನು ನೋಡಿ ‘ಇದು ಎಲ್ಲರಿಗೂ ಸರಿ, ಇದು ದೊಡ್ಡವರಿಗೆ ಮಾತ್ರ’ ಎಂದು ವಿಂಗಡಿಸುವ ತಂತ್ರಾಂಶದ ಮೇಲೆ ದುಡಿಯುತ್ತೇನೆ. ಇನ್ನೊಂದು, ನಮ್ಮ ವೇದಿಕೆಯ ಮುಂದೆಯೇ ಈಗ ಒಂದು ಪ್ರಶ್ನೆ ಇದೆ. ವರ್ಷಕ್ಕೆ ನಾಲ್ಕು ಕನ್ನಡ ಚಿತ್ರ ತೋರಿಸೋಣ ಎಂದು ನಿರ್ಧಾರವಾಯಿತು, ವಾಟ್ಸಾಪ್ ಗುಂಪಿನಲ್ಲಿ ಹೆಸರು ಕೇಳಿದರು. ಯಾರೋ ‘ಸಂಸ್ಕಾರ’ ಅಂದರು. ಅಲ್ಲಿಂದ ಶುರುವಾಯಿತು. ‘ಫ್ಯಾಮಿಲಿ ಜತೆ ನೋಡೋ ಹಾಗಿಲ್ಲ’ ಅಂತ ಒಬ್ಬರು, ‘ನಮ್ಮವರ ಮನಸ್ಸಿಗೆ ನೋವಾಗುತ್ತೆ’ ಅಂತ ಇನ್ನೊಬ್ಬರು. ನಮ್ಮ ಕಾಕೂ ಒಬ್ಬರಂತೂ ವಾಯ್ಸ್ ಮೆಸೇಜೇ ಹಾಕಿದರು: ‘ಅಲ್ಲವಾ, ಮನಿಯೊಳಗ ಹೆಣಾ ಇಟಗೊಂಡು ಎರಡ ತಾಸು ಏನ ನೋಡೂದೈತಿ?’

ಕಾಕೂ ಕೇಳಿದ್ದು ನಿಜವಾಗಿಯೂ ಒಳ್ಳೆಯ ಪ್ರಶ್ನೆ. ಇವತ್ತಿನ ನನ್ನ ಮಾತೆಲ್ಲ ಅದಕ್ಕೆ ಉತ್ತರ ಅಂತಲೇ ತಿಳಿದುಕೊಳ್ಳಿ.

ಮೊದಲು ಹೆಣದ ವಿಷಯಕ್ಕೇ ಬರೋಣ. ಸಸ್ಪೆನ್ಸ್ ಅಂದರೇನು ಎಂಬುದನ್ನು ಆಲ್‌ಫ್ರೆಡ್ ಹಿಚ್‌ಕಾಕ್ ಫ್ರಾನ್ಸಿನ ನಿರ್ದೇಶಕ ತ್ರುಫೊ ಜತೆಗಿನ ಸಂದರ್ಶನದಲ್ಲಿ ಬಹಳ ಸರಳವಾಗಿ ಹೇಳಿದ್ದಾನೆ. ಇಬ್ಬರು ಮೇಜಿನ ಮುಂದೆ ಕೂತು ಹರಟುತ್ತಿದ್ದಾರೆ. ಮೇಜಿನ ಕೆಳಗೆ ಬಾಂಬ್ ಇದೆ. ನೋಡುವವರಿಗೆ ಅದು ಗೊತ್ತಿಲ್ಲದೆ ಸಿಡಿದರೆ ಹದಿನೈದು ಸೆಕೆಂಡಿನ ಬೆಚ್ಚಿಬೀಳುವಿಕೆ, ಅಷ್ಟೇ. ಬಾಂಬ್ ಇರುವುದು ನಮಗೆ ಗೊತ್ತಿದ್ದು, ಆ ಇಬ್ಬರಿಗೆ ಗೊತ್ತಿಲ್ಲದಿದ್ದರೆ ಹದಿನೈದು ನಿಮಿಷದ ಸಸ್ಪೆನ್ಸ್. ಅವರು ಹವಾಮಾನದ ಬಗ್ಗೆ ಮಾತಾಡಿದರೂ ನಮಗೆ ಎದೆ ಹೊಡೆದುಕೊಳ್ಳುತ್ತದೆ.

ಈಗ ‘ಸಂಸ್ಕಾರ’ದ ಕತೆ ನೆನಪಿಸಿಕೊಳ್ಳಿ. ಮಲೆನಾಡಿನ ದೂರ್ವಾಸಪುರ ಎಂಬ ಮಾಧ್ವ ಅಗ್ರಹಾರ. ಅಲ್ಲಿ ನಾರಣಪ್ಪ ಎಂಬಾತ ಶಿವಮೊಗ್ಗದಿಂದ ಜ್ವರ ಹೊತ್ತುಕೊಂಡು ಬಂದು ಸಾಯುತ್ತಾನೆ. ಬದುಕಿದ್ದಾಗ ಕುಡಿದವ, ಮಾಂಸ ತಿಂದವ, ಕುಂದಾಪುರದ ಚಂದ್ರಿ ಎಂಬ ಹೆಣ್ಣಿನ ಜತೆ ಬಹಿರಂಗವಾಗಿ ಸಂಸಾರ ಮಾಡಿದವ. ಮಕ್ಕಳಿಲ್ಲ. ಹೆಣಕ್ಕೆ ಸಂಸ್ಕಾರ ಯಾರು ಮಾಡಬೇಕು? ಮಾಡಿದರೆ ಮೈಲಿಗೆಯ ಭಯ, ಮಾಡದೆ ಇದ್ದರೆ ಅಗ್ರಹಾರದಲ್ಲಿ ಯಾರೂ ಊಟ ಮಾಡುವಂತಿಲ್ಲ. ಎಲ್ಲರೂ ಪ್ರಾಣೇಶಾಚಾರ್ಯರ ಕಡೆ ನೋಡುತ್ತಾರೆ, ಆಚಾರ್ಯರು ಗ್ರಂಥದ ಕಡೆ ನೋಡುತ್ತಾರೆ. ಗ್ರಂಥದಲ್ಲಿ ಉತ್ತರವಿಲ್ಲ. ಮಾರುತಿಯ ಗುಡಿಯಲ್ಲೂ ಇಲ್ಲ. ಹೊತ್ತು ಸರಿಯುತ್ತದೆ, ವಾಸನೆ ಹಬ್ಬುತ್ತದೆ, ಇಲಿಗಳು ಬಂದು ಬಿದ್ದು ಸಾಯುತ್ತವೆ, ಹದ್ದುಗಳು ಮಾಡಿನ ಮೇಲೆ ಕೂರುತ್ತವೆ. ಅದು ಪ್ಲೇಗು ಎಂದು ನಮಗೆ ಗೊತ್ತಾಗುತ್ತದೆ, ಅವರಿಗೆ ಗೊತ್ತಾಗುವುದಿಲ್ಲ.

ಮೇಜಿನ ಕೆಳಗಿನ ಬಾಂಬ್ ಇದೇ ಅಲ್ಲವೇ? ಇದನ್ನು ನಾವು ‘ಆರ್ಟ್ ಫಿಲ್ಮ್’ ಅಂತ ಕಪಾಟಿನಲ್ಲಿ ಇಟ್ಟುಬಿಟ್ಟಿದ್ದೇವೆ. ನನಗೆ ಅದು ಕನ್ನಡದ ಒಂದು ಶ್ರೇಷ್ಠ ಸಸ್ಪೆನ್ಸ್ ಚಿತ್ರವೂ ಹೌದು. ಹತ್ತು ವರ್ಷ ಹಿಂದೆ ಅಮೆರಿಕದಲ್ಲಿ ಇನ್ನೊಂದು ಸಸ್ಪೆನ್ಸ್ ಚಿತ್ರ ಸೆನ್ಸಾರ್ ಕತ್ತರಿಯ ಜತೆ ಜಗಳ ಆಡಿತ್ತು. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ನಮಗೆ ಬೇಕಾದ ಸಂಗತಿ ಸಿಗುತ್ತದೆ.

ಆ ಚಿತ್ರ ಹಿಚ್‌ಕಾಕ್‌ನ ‘ಸೈಕೋ’. ಬಿಡುಗಡೆಯಾದದ್ದು 1960ರಲ್ಲಿ. ಆಗ ಹಾಲಿವುಡ್‌ನಲ್ಲಿ ಹೇಸ್ ಕೋಡ್ ಎಂಬ ನಿಯಮಾವಳಿ ಇತ್ತು. 1930ರಲ್ಲಿ ಬರೆದದ್ದು, 1934ರಿಂದ ಗಟ್ಟಿಯಾಗಿ ಜಾರಿಗೆ ಬಂದದ್ದು. ಅದರ ಮುದ್ರೆ ಇಲ್ಲದೆ ದೊಡ್ಡ ಚಿತ್ರಮಂದಿರಗಳಲ್ಲಿ ಚಿತ್ರ ಓಡುವುದು ಕಷ್ಟ. ಗಂಡ-ಹೆಂಡತಿಯನ್ನೂ ಬೇರೆ ಬೇರೆ ಮಂಚದ ಮೇಲೆ ತೋರಿಸುವ ರೂಢಿ. ಪಾಯಿಖಾನೆ ತೋರಿಸುವುದು ಅಸಭ್ಯ. ‘ಸೈಕೋ’ ಶುರುವಾಗುವುದೇ ಮದುವೆಯಾಗದ ಒಬ್ಬ ಹೆಣ್ಣು ಮತ್ತು ಅವಳ ಪ್ರಿಯಕರ ನಡುಮಧ್ಯಾಹ್ನ ಹೋಟೆಲ್ ಕೋಣೆಯಲ್ಲಿರುವ ದೃಶ್ಯದಿಂದ. ಮುಂದೆ ಅದೇ ಹೆಣ್ಣು, ಮೇರಿಯನ್, ಕದ್ದ ಹಣದ ಲೆಕ್ಕ ಬರೆದ ಕಾಗದ ಹರಿದು ಕಮೋಡಿಗೆ ಹಾಕಿ ನೀರು ಬಿಡುತ್ತಾಳೆ. ಇವತ್ತು ನಮಗೆ ಅದು ಗಮನಕ್ಕೂ ಬರುವುದಿಲ್ಲ. ಆಗ ಅದು ದೊಡ್ಡ ಸಂಗತಿ. ಚಿತ್ರಕಥೆಗಾರ ಜೋಸೆಫ್ ಸ್ಟೆಫಾನೊ ಬೇಕೆಂದೇ ಅದನ್ನು ಕತೆಯೊಳಗೆ ಹೆಣೆದಿದ್ದ, ಕತ್ತರಿಸಿದರೆ ಕತೆಯೇ ತುಂಡಾಗುವ ಹಾಗೆ.

ಆಮೇಲೆ ಆ ಸ್ನಾನದ ಕೋಣೆಯ ಕೊಲೆ. ನೋಡದವರಿಗೂ ಅದರ ಪಿಟೀಲಿನ ಕಿರುಚಾಟ ಗೊತ್ತು. ಕೊಲೆ ನಡೆಯುವುದು ಒಂದು ನಿಮಿಷದೊಳಗೆ, ಚಿತ್ರೀಕರಣಕ್ಕೆ ಹಿಡಿದದ್ದು ಒಂದು ವಾರ. 78 ಕ್ಯಾಮೆರಾ ಕೋನ, 52 ತುಂಡು. ಚಾಕು ಇದೆ, ಮೈ ಇದೆ, ನೀರಿನಲ್ಲಿ ಹರಿಯುವ ರಕ್ತ ಇದೆ. ಆದರೆ ಚಾಕು ಮೈಗೆ ಇಳಿಯುವುದನ್ನು ನೋಡಿದೆವು ಎಂದು ನಾವು ಅಂದುಕೊಳ್ಳುತ್ತೇವೆ ಅಷ್ಟೆ, ತೆರೆಯ ಮೇಲೆ ಅದು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ರಕ್ತ ಕೂಡ ಚಾಕೊಲೇಟ್ ಸಿರಪ್. ಕಪ್ಪು-ಬಿಳುಪಿನಲ್ಲಿ ಅದು ರಕ್ತದ ಹಾಗೇ ಕಾಣುತ್ತದೆ. ಸೆನ್ಸಾರಿನವರಲ್ಲಿ ಕೆಲವರು ‘ಬೆತ್ತಲೆ ಕಂಡಿತು’ ಅಂದರು, ಕೆಲವರು ‘ಕಾಣಲಿಲ್ಲ’ ಅಂದರು ಎಂಬ ಪ್ರಸಿದ್ಧ ಕತೆಯೊಂದಿದೆ. ಹಿಚ್‌ಕಾಕ್ ಏನನ್ನೂ ಬದಲಿಸದೆ ಮತ್ತೆ ಕಳಿಸಿದನಂತೆ. ಈ ಸಲ ಕಂಡವರಿಗೆ ಕಾಣಲಿಲ್ಲ, ಕಾಣದವರಿಗೆ ಕಂಡಿತಂತೆ!

ನಮ್ಮ ವೇದಿಕೆಯಲ್ಲಿ ಹೇಳಲೇಬೇಕಾದ ಒಂದು ಹೆಸರಿದೆ: ಆಲ್ಮಾ ರೆವಿಲ್, ಹಿಚ್‌ಕಾಕ್‌ನ ಹೆಂಡತಿ. ಸ್ವತಃ ಸಂಕಲನಕಾರ್ತಿ, ಚಿತ್ರಕಥೆಗಾರ್ತಿ. ಇಡೀ ತಂಡ ಮತ್ತೆ ಮತ್ತೆ ನೋಡಿ ಮುಗಿಸಿದ ಮೇಲೆ, ಸತ್ತುಬಿದ್ದಿರುವ ಮೇರಿಯನ್‌ಳ ಮುಖದಲ್ಲಿ ಒಂದು ಸಣ್ಣ ಚಲನೆ ಉಳಿದುಬಿಟ್ಟಿದ್ದನ್ನು ಕಂಡುಹಿಡಿದವಳು ಅವಳು. ಆ ಚೂರನ್ನು ತೆಗೆದರು. ಅಷ್ಟು ಜನರ ಕಣ್ಣು ತಪ್ಪಿಸಿದ್ದನ್ನು ಹೆಂಡತಿಯ ಕಣ್ಣು ಹಿಡಿಯಿತು ಅಂದರೆ ಇಲ್ಲಿರುವವರಿಗೆ ಯಾರಿಗೂ ಆಶ್ಚರ್ಯ ಆಗಲಿಕ್ಕಿಲ್ಲ.

‘ಸೈಕೋ’ ಮುದ್ರೆ ಪಡೆದುಕೊಂಡು ಹೊರಬಂತು, ಜನ ಸಾಲುಗಟ್ಟಿ ನಿಂತರು. ಎಂಟು ವರ್ಷದಲ್ಲಿ, ಅಂದರೆ 1968ರ ನವೆಂಬರಿನಲ್ಲಿ, ಹೇಸ್ ಕೋಡ್ ಹೋಗಿ ವಯಸ್ಸಿನ ಮೇಲೆ ದರ್ಜೆ ಕೊಡುವ ಪದ್ಧತಿ ಬಂತು. ಒಂದೇ ಚಿತ್ರದಿಂದ ಆಯಿತು ಅನ್ನಲಾಗದು, ಆದರೆ ಗೋಡೆಯಲ್ಲಿ ಬಿರುಕು ಬಿಡಿಸಿದ ಚಿತ್ರಗಳಲ್ಲಿ ಇದೂ ಒಂದು.

ಇಲ್ಲಿ ಗಮನಿಸಬೇಕಾದದ್ದು ಹಿಚ್‌ಕಾಕ್ ಗೆದ್ದ ಬಗೆ. ಕೋಡ್ ಎಂದರೆ ಒಂದು ಪಟ್ಟಿ: ಇದು ಕಾಣಬಾರದು, ಅದು ಕಾಣಬಾರದು. ಅವನು ಪಟ್ಟಿಯಲ್ಲಿದ್ದದ್ದನ್ನು ತೋರಿಸದೆ, ನೋಡುವವರ ತಲೆಯೊಳಗೆ ಕಟ್ಟಿಕೊಟ್ಟ. ತಲೆಯೊಳಗೆ ಕತ್ತರಿ ಹೋಗುವುದಿಲ್ಲ.

ಈಗ ನಮ್ಮ ಕಡೆ ಬರೋಣ. ಸೆನ್ಸಾರ್ ನಮಗೆ ಬ್ರಿಟಿಷರು ಬಿಟ್ಟುಹೋದ ಆಸ್ತಿ. 1918ರ ಕಾಯ್ದೆಯ ಕೆಳಗೆ 1920ರಲ್ಲಿ ಮುಂಬಯಿ, ಮದ್ರಾಸು, ಕಲ್ಕತ್ತಾ, ರಂಗೂನುಗಳಲ್ಲಿ ಮಂಡಳಿಗಳು ಶುರುವಾದವು. ನಮ್ಮ ಪುಣೆಗೂ ಅದರ ಬಿಸಿ ತಟ್ಟಿದೆ. ಇವತ್ತಿನ ಫಿಲ್ಮ್ ಇನ್‌ಸ್ಟಿಟ್ಯೂಟ್ ಇರುವ ಜಾಗದಲ್ಲಿ ಆಗ ಪ್ರಭಾತ್ ಸ್ಟುಡಿಯೊ ಇತ್ತು. ಅಲ್ಲಿ ವಿ. ಶಾಂತಾರಾಮ್ 1935ರಲ್ಲಿ ಸಂತ ಏಕನಾಥರ ಮೇಲೆ, ಅಸ್ಪೃಶ್ಯತೆಯನ್ನು ಪ್ರಶ್ನಿಸುವ ಚಿತ್ರ ಮಾಡಿದರು, ಬಾಲಗಂಧರ್ವರು ಏಕನಾಥರಾಗಿದ್ದರು. ಹೆಸರು ‘ಮಹಾತ್ಮಾ’. ಆ ಹೆಸರು ಕೇಳಿದರೆ ಜನರಿಗೆ ಗಾಂಧಿ ನೆನಪಾಗುತ್ತಾರೆ ಎಂದು ಸೆನ್ಸಾರ್ ತಕರಾರು ಮಾಡಿತು, ಚಿತ್ರ ‘ಧರ್ಮಾತ್ಮಾ’ ಆಗಿ ಹೊರಬಂತು. ನೋಡಿ, ಅಲ್ಲೂ ತೆರೆಯ ಮೇಲೆ ಏನು ಕಾಣುತ್ತದೆ ಎಂಬುದಕ್ಕಿಂತ ಜನರಿಗೆ ಏನು ಹೊಳೆಯುತ್ತದೆ ಎಂಬುದೇ ದೊಡ್ಡ ಭಯ.

ಮೂವತ್ತೈದು ವರ್ಷ ಮುಂದೆ ಬನ್ನಿ. ಬ್ರಿಟಿಷರು ಹೋಗಿದ್ದರು, ಭಯ ಹೋಗಿರಲಿಲ್ಲ.

ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿ ಪ್ರಕಟವಾದದ್ದು 1965ರಲ್ಲಿ. ಅದು ಹುಟ್ಟಿದ್ದೂ ಒಂದು ಸಿನಿಮಾದಿಂದಲೇ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಸಂಶೋಧನೆ ಮಾಡುತ್ತಿದ್ದಾಗ ಅವರು ಬರ್ಗ್‌ಮನ್‌ನ ‘ದಿ ಸೆವೆಂತ್ ಸೀಲ್’ ನೋಡಿದರು. ಸ್ವೀಡಿಷ್ ಭಾಷೆಯ ಚಿತ್ರ, ಕೆಳಗೆ ಇಂಗ್ಲಿಷ್ ಅಕ್ಷರವೂ ಇರಲಿಲ್ಲ. ಅದರಲ್ಲೂ ಪ್ಲೇಗು, ಅದರಲ್ಲೂ ದೇವರನ್ನು ಕೇಳಿ ಉತ್ತರ ಸಿಗದ ಮನುಷ್ಯ. ಆ ಚಿತ್ರ ಅವರೊಳಗೆ ಮಲೆನಾಡಿನ ಅಗ್ರಹಾರವನ್ನು ಎಬ್ಬಿಸಿತು.

ಅದನ್ನು ತೆರೆಗೆ ತಂದವರಲ್ಲಿ ಮೊದಲಿಗರು ಕನ್ನಡಿಗರಲ್ಲ. ನಿರ್ದೇಶಕ ಪಟ್ಟಾಭಿರಾಮ ರೆಡ್ಡಿ ತೆಲುಗು ಕವಿ. ಮದ್ರಾಸಿನಲ್ಲಿ ಆಗ ಆಕ್ಸ್‌ಫರ್ಡ್ ಪ್ರೆಸ್‌ನಲ್ಲಿದ್ದ ಗಿರೀಶ ಕಾರ್ನಾಡರು ಚಿತ್ರಕಥೆ ಬರೆದು ಪ್ರಾಣೇಶಾಚಾರ್ಯರೂ ಆದರು. ಪಿ. ಲಂಕೇಶ್ ನಾರಣಪ್ಪ. ಪಟ್ಟಾಭಿಯವರ ಹೆಂಡತಿ ಸ್ನೇಹಲತಾ ರೆಡ್ಡಿ ಚಂದ್ರಿ. ಕ್ಯಾಮೆರಾ ಹಿಡಿದದ್ದು ಆಸ್ಟ್ರೇಲಿಯಾದ ಟಾಮ್ ಕೋವನ್, ಸಂಗೀತ ಸರೋದಿನ ರಾಜೀವ ತಾರಾನಾಥ, ಕಲೆ ಎಸ್.ಜಿ. ವಾಸುದೇವ್. ಶೃಂಗೇರಿ ಹತ್ತಿರದ ಹಳ್ಳಿಯಲ್ಲಿ ಕಪ್ಪು-ಬಿಳುಪಿನಲ್ಲಿ ಚಿತ್ರೀಕರಣ. ಹೊರನಾಡಿನಲ್ಲಿ ಕೂತು ಕನ್ನಡದ ಕೆಲಸ ಮಾಡುತ್ತೇವೆ ಅನ್ನುವ ನಮಗೆ ಈ ತಂಡ ಒಂದು ಪಾಠ: ತೆಲುಗರು, ತಮಿಳು ನೆಲ, ಆಸ್ಟ್ರೇಲಿಯಾದವನ ಕಣ್ಣು, ಚಿತ್ರ ಮಾತ್ರ ಪೂರ್ತಿ ಕನ್ನಡದ್ದು.

ಚಿತ್ರ 1970ರಲ್ಲಿ ಸಿದ್ಧವಾಗಿ ಮದ್ರಾಸಿನ ಸೆನ್ಸಾರ್ ಮಂಡಳಿಯ ಮುಂದೆ ಹೋಯಿತು. ಮಂಡಳಿ ಪ್ರಮಾಣಪತ್ರ ಕೊಡಲಿಲ್ಲ. ಒಂದು ದೃಶ್ಯ ತೆಗೆಯಿರಿ, ಎರಡು ಮಾತು ಮುಚ್ಚಿ ಎಂಬ ತಕರಾರಲ್ಲ ಅದು. ಚಿತ್ರಕ್ಕೇ ನಿಷೇಧ. ಜಾತಿಯ ವಿರುದ್ಧ ಇಷ್ಟು ಕಟುವಾಗಿ ಮಾತಾಡುವ ಚಿತ್ರ ಜನರಲ್ಲಿ ಉದ್ವಿಗ್ನತೆ ಉಂಟುಮಾಡೀತು ಎಂಬುದು ಅದರ ಹಿಂದಿನ ಆತಂಕ.

ಇಲ್ಲಿ ನನ್ನ ಕಸುಬಿನ ಒಂದು ಮಾತು. ನಮ್ಮ ತಂತ್ರಾಂಶಗಳು ಚಿತ್ರವನ್ನು ಚೌಕಟ್ಟು ಚೌಕಟ್ಟಾಗಿ ನೋಡುತ್ತವೆ. ಚರ್ಮ ಎಷ್ಟು ಕಾಣುತ್ತದೆ, ಚಾಕು ಇದೆಯಾ, ರಕ್ತ ಇದೆಯಾ, ಕೆಟ್ಟ ಪದ ಇದೆಯಾ ಎಂದು ಲೆಕ್ಕ ಹಾಕುತ್ತವೆ. ‘ಸೈಕೋ’ದ ಆ ಒಂದು ನಿಮಿಷ ಹಾಕಿದರೆ ಇಂಥ ತಂತ್ರಾಂಶ ಕೆಂಪು ದೀಪ ಹಚ್ಚಬಹುದು. ‘ಸಂಸ್ಕಾರ’ ಹಾಕಿದರೆ? ಶಾಲು ಹೊದ್ದು ಜಗಲಿಯ ಮೇಲೆ ಕೂತ ಬ್ರಾಹ್ಮಣರು, ತೋಟ, ಹೊಳೆ, ಸತ್ತ ಇಲಿ. ಕಾಡಿನಲ್ಲಿ ಆಚಾರ್ಯ ಮತ್ತು ಚಂದ್ರಿ ಒಂದಾಗುವ ರಾತ್ರಿಯೂ ಸಂಯಮದಿಂದಲೇ ಬಂದಿದೆ. ಬಹುಪಾಲು ಹಸಿರು ದೀಪವೇ ಉರಿದೀತು. ಅಂದರೆ ಮದ್ರಾಸಿನ ಮಂಡಳಿ ಹೆದರಿದ್ದು ಚೌಕಟ್ಟಿನಲ್ಲಿ ಕಾಣುವುದಕ್ಕಲ್ಲ. ಅದು ಹೆದರಿದ್ದು ಚಿತ್ರ ಕೇಳುವ ಪ್ರಶ್ನೆಗೆ.

ಆದರೆ ಅದೇ ಪ್ರಶ್ನೆ ಐದು ವರ್ಷದಿಂದ ಪುಸ್ತಕದಲ್ಲಿ ಇತ್ತಲ್ಲ? ಕಾದಂಬರಿಯ ಬಗ್ಗೆ ಬಿಸಿ ಚರ್ಚೆ ಆಯಿತು, ಅಂಗಡಿಯಲ್ಲಿ ಮಾರಾಟವೂ ಆಯಿತು. ಪುಸ್ತಕ ಓಡಾಡಬಹುದು, ಸಿನಿಮಾ ಓಡಬಾರದು, ಇದು ಯಾವ ಲೆಕ್ಕ?

ಇದಕ್ಕೆ ಉತ್ತರ ಅದೇ 1970ರ ಸೆಪ್ಟೆಂಬರಿನಲ್ಲಿ ಬಂದ ಸುಪ್ರೀಂ ಕೋರ್ಟಿನ ಒಂದು ತೀರ್ಪಿನಲ್ಲಿದೆ. ಕೆ.ಎ. ಅಬ್ಬಾಸ್ ಅವರು ನಾಲ್ಕು ನಗರಗಳ ಮೇಲೆ ಮಾಡಿದ ಸಾಕ್ಷ್ಯಚಿತ್ರದಲ್ಲಿ ಮುಂಬಯಿಯ ವೇಶ್ಯಾವಾಟಿಕೆಯ ದೃಶ್ಯಗಳಿದ್ದವು. ಎಲ್ಲರೂ ನೋಡಬಹುದಾದ ಪ್ರಮಾಣಪತ್ರ ಸಿಗಲಿಲ್ಲವೆಂದು ಅವರು ಕೋರ್ಟಿಗೆ ಹೋದರು. ಮುಖ್ಯ ನ್ಯಾಯಮೂರ್ತಿ ಹಿದಾಯತುಲ್ಲಾ ಅವರ ಪೀಠ ಸಿನಿಮಾ ಉಳಿದ ಕಲೆಗಳಿಗಿಂತ ಆಳವಾಗಿ ಮನಸ್ಸು ಕಲಕುತ್ತದೆ, ಆದ್ದರಿಂದ ಮೊದಲೇ ಪರೀಕ್ಷೆ ಮಾಡುವುದು ಸಂವಿಧಾನಕ್ಕೆ ವಿರುದ್ಧವಲ್ಲ ಎಂದಿತು. ಜತೆಗೇ, ಲೈಂಗಿಕತೆ ಬಂದ ಮಾತ್ರಕ್ಕೆ ಅಶ್ಲೀಲವಾಗದು, ವಿಷಯವನ್ನು ಹೇಗೆ ನಿರ್ವಹಿಸಿದ್ದಾರೆ ಎಂಬುದು ಮುಖ್ಯ ಎಂದೂ ಹೇಳಿತು.

ಮನಸ್ಸು ಕಲಕುತ್ತದೆ ಸರಿ. ಯಾರ ಮನಸ್ಸು? 1971ರ ಹೊತ್ತಿಗೆ ನಮ್ಮ ದೇಶದಲ್ಲಿ ಓದು ಬರಹ ಬಲ್ಲ ಹೆಂಗಸರು ಸುಮಾರು ಐವರಲ್ಲಿ ಒಬ್ಬರು. ಉಳಿದ ನಾಲ್ವರಿಗೆ ‘ಸಂಸ್ಕಾರ’ ಕಾದಂಬರಿ ಕಪಾಟಿನಲ್ಲಿರುವ ಒಂದು ವಸ್ತು. ಸಿನಿಮಾ ಹಾಗಲ್ಲ. ಅದಕ್ಕೆ ಅಕ್ಷರ ಬೇಡ, ಟಿಕೆಟ್ ಸಾಕು. ಇದೇ ಮಾರ್ಕೆಟ್ ಯಾರ್ಡಿನಲ್ಲಿ ಮೂಟೆ ಹೊರುವ ಹಮಾಲಣ್ಣನೂ ನೋಡಬಹುದು, ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಣ್ಣುಮಗಳೂ ನೋಡಬಹುದು. ಓದುಬಲ್ಲ ನಾಲ್ಕು ಜನ ತಮ್ಮೊಳಗೆ ಚರ್ಚೆ ಮಾಡಿಕೊಂಡರೆ ಯಾವ ವ್ಯವಸ್ಥೆಗೂ ತೊಂದರೆ ಇಲ್ಲ. ಚರ್ಚೆ ಅಡಿಗೆಮನೆಗೆ, ಹೊಲಕ್ಕೆ, ಬಜಾರಕ್ಕೆ ಬಂದರೆ ತೊಂದರೆ. ಕತ್ತರಿ ಸಿನಿಮಾದ ಮೇಲೆ ಹರಿತವಾಗಿ ಪುಸ್ತಕದ ಮೇಲೆ ಮೊಂಡಾಗಿದ್ದಕ್ಕೆ ನನಗೆ ಕಾಣುವ ಕಾರಣ ಇದು.

ಈಗ ಚಂದ್ರಿಯ ವಿಷಯ. ನನ್ನ ಮಾತಿನ ಹೆಸರಿನಲ್ಲೇ ಅವಳಿದ್ದಾಳೆ.

ಇಡೀ ಅಗ್ರಹಾರ ಹೆಣ ಏನು ಮಾಡಬೇಕು ಎಂದು ತಲೆ ಕೆಡಿಸಿಕೊಂಡು ಕೂತಾಗ ಮೊದಲು ಕೈ ಚಾಚುವವಳು ಅವಳು. ಮೈಮೇಲಿನ ಚಿನ್ನವನ್ನೆಲ್ಲ ಬಿಚ್ಚಿ ಆಚಾರ್ಯರ ಮುಂದೆ ಇಡುತ್ತಾಳೆ, ಸಂಸ್ಕಾರದ ಖರ್ಚಿಗೆ ಆಗಲಿ ಎಂದು. ಅದರಿಂದ ಆಗುವುದೇ ಬೇರೆ: ಇಷ್ಟು ಹೊತ್ತು ನಾನೊಲ್ಲೆ ನಾನೊಲ್ಲೆ ಅಂದವರಿಗೆ ಈಗ ಆಸೆ ಮೊಳೆಯುತ್ತದೆ. ಕೊನೆಗೆ ಗ್ರಂಥದಿಂದಲೂ ಗುಡಿಯಿಂದಲೂ ಏನೂ ಬಾರದೆ ಹೋದಾಗ, ಕಾದಂಬರಿಯಲ್ಲಿ ಚಂದ್ರಿ ಮೀನು ವ್ಯಾಪಾರಿ ಅಹಮದ್ ಬ್ಯಾರಿಯನ್ನು ಕರೆತಂದು ರಾತ್ರೋರಾತ್ರಿ ಹೆಣ ಸುಡಿಸುತ್ತಾಳೆ. ಯಾರಿಗೂ ಹೇಳದೆ ಊರು ಬಿಟ್ಟು ಹೋಗುತ್ತಾಳೆ.

ಇಲ್ಲಿ ಬಾಂಬಿನ ಲೆಕ್ಕ ಮತ್ತೆ ನೆನಪಿಸಿಕೊಳ್ಳಿ. ಸಂಸ್ಕಾರ ಆಗಿಹೋಗಿದೆ ಎಂದು ನಮಗೆ ಗೊತ್ತು. ಅಗ್ರಹಾರದವರಿಗೆ ಗೊತ್ತಿಲ್ಲ. ಅವರು ಇನ್ನೂ ಧರ್ಮಸೂಕ್ಷ್ಮ ಕೇಳಲು ಊರೂರು, ಮಠ ಅಲೆಯುತ್ತಾರೆ. ಯಾವ ಪ್ರಶ್ನೆಗಾಗಿ ಅಷ್ಟು ಜನ ಪಂಡಿತರು ಉಪವಾಸ ಕೂತರೋ ಆ ಪ್ರಶ್ನೆಯನ್ನು ಶಾಸ್ತ್ರ ಓದದ ಒಬ್ಬ ಹೆಂಗಸು, ಒಬ್ಬ ಮುಸ್ಲಿಂ ಗೆಳೆಯನ ನೆರವಿನಿಂದ, ಒಂದು ರಾತ್ರಿಯಲ್ಲಿ ಮುಗಿಸಿದ್ದಾಳೆ. ಮನುಷ್ಯ ಸತ್ತಿದ್ದಾನೆ, ಅವನಿಗೆ ಬೆಂಕಿ ಕಾಣಿಸಬೇಕು, ಅಷ್ಟೆ. ಅಶ್ಲೀಲ ಅನ್ನುವಂಥದ್ದು ಇದರಲ್ಲಿ ಏನಿದೆ? ಏನೂ ಇಲ್ಲ. ಆದರೆ ಯಾರ ಮಾತಿಗೆ ಬೆಲೆ, ಯಾರು ಶುದ್ಧ, ಯಾರು ಮೈಲಿಗೆ ಎಂಬ ಕಟ್ಟೋಣವೆಲ್ಲ ಆ ಚಿತೆಯಲ್ಲಿ ಸುಟ್ಟುಹೋಗುತ್ತದೆ. ಕತ್ತರಿ ಹೆದರಿದ್ದು ಇವಳಿಗೆ.

ಒಂದು ತಕರಾರೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನ್ಯಾಯ ಆಗುವುದಿಲ್ಲ. ಚಂದ್ರಿಗೆ ಕತೆಯಲ್ಲಿ ಮಾತು ಕಡಿಮೆ. ಕತೆ ಪೂರ್ತಿ ಆಚಾರ್ಯರ ತಳಮಳದ್ದು. ಹಾಸಿಗೆ ಹಿಡಿದ ಹೆಂಡತಿ ಭಾಗೀರಥಿಯ ಮನಸ್ಸಿನಲ್ಲಿ ಏನಿತ್ತು, ದಲಿತರ ಹುಡುಗಿ ಬೆಳ್ಳಿ ಏನು ಬಯಸುತ್ತಿದ್ದಳು, ಎಂಬುದಕ್ಕೆ ಅಷ್ಟು ಜಾಗ ಇಲ್ಲ. ಈ ಮಾತನ್ನು ಹೆಂಗಸರಾದ ನಾವು ಗಟ್ಟಿಯಾಗಿ ಆಡಬೇಕು. ಆದರೆ ಆಡಬೇಕಾದರೆ ಮೊದಲು ಚಿತ್ರ ನೋಡಬೇಕಲ್ಲ!

ನಿಷೇಧದ ಮುಂದಿನ ಕತೆ ಹೀಗಿದೆ. ಚಿತ್ರತಂಡ ಸುಮ್ಮನೆ ಕೂರಲಿಲ್ಲ, ವಿಷಯ ದಿಲ್ಲಿಗೆ ಹೋಯಿತು. ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ ನಿಷೇಧ ತೆಗೆದುಹಾಕಿತು, ಚಿತ್ರ ಬಿಡುಗಡೆಯಾಯಿತು. 1970ರ ಚಿತ್ರಗಳಿಗೆ ಕೊಡುವ ರಾಷ್ಟ್ರಪ್ರಶಸ್ತಿಯಲ್ಲಿ ಅತ್ಯುತ್ತಮ ಚಿತ್ರದ ಗೌರವವೂ ಅದಕ್ಕೇ ಬಂತು. ಕನ್ನಡಕ್ಕೆ ಆ ಗೌರವ ಬಂದದ್ದು ಅದೇ ಮೊದಲು. ಒಂದು ಕೈ ‘ಇದನ್ನು ಜನ ನೋಡಬಾರದು’ ಅಂದಿತು, ಅದೇ ಸರ್ಕಾರದ ಇನ್ನೊಂದು ಕೈ ‘ದೇಶದ ಅತ್ಯುತ್ತಮ ಚಿತ್ರ ಇದೇ’ ಅಂದಿತು. ಗಲಭೆ ಆಗುತ್ತದೆ ಎಂಬ ಭಯ? ಬಂದದ್ದು ಗಲಭೆಯಲ್ಲ, ಹೊಸ ಬೆಳೆ. ‘ವಂಶವೃಕ್ಷ’, ‘ಕಾಡು’, ‘ಚೋಮನ ದುಡಿ’, ‘ಘಟಶ್ರಾದ್ಧ’ ಒಂದರ ಹಿಂದೆ ಒಂದು ಬಂದವು. ಕೊನೆಯ ಎರಡಕ್ಕೂ ಸ್ವರ್ಣಕಮಲ ಸಿಕ್ಕಿತು.

‘ಜನ ಸಿಟ್ಟಾಗುತ್ತಾರೆ’ ಎಂಬ ಕಾರಣಕ್ಕೆ ಸುಪ್ರೀಂ ಕೋರ್ಟು ಸರಿಯಾದ ಉತ್ತರ ಕೊಟ್ಟದ್ದು 1989ರಲ್ಲಿ. ತಮಿಳಿನ ‘ಒರೇ ಒರು ಗ್ರಾಮತ್ತಿಲೇ’ ಚಿತ್ರದ ಪ್ರಕರಣ. ಅದೂ ಜಾತಿಯ ವಿಷಯದ್ದೇ, ಅದೂ ರಾಷ್ಟ್ರಪ್ರಶಸ್ತಿ ಪಡೆದದ್ದೇ. ಮದ್ರಾಸ್ ಹೈಕೋರ್ಟ್ ಅದರ ಪ್ರಮಾಣಪತ್ರ ರದ್ದು ಮಾಡಿತ್ತು. ಮೆರವಣಿಗೆ ಮಾಡುತ್ತೇವೆ, ಗಲಾಟೆ ಮಾಡುತ್ತೇವೆ ಎಂಬ ಬೆದರಿಕೆಗೆ ಬಗ್ಗಿ ಅಭಿವ್ಯಕ್ತಿಯನ್ನು ತಡೆಯಲಾಗದು, ರಕ್ಷಣೆ ಕೊಡುವುದು ಸರ್ಕಾರದ ಕರ್ತವ್ಯ ಎಂದು ಸುಪ್ರೀಂ ಕೋರ್ಟು ಹೇಳಿ ಪ್ರಮಾಣಪತ್ರ ಮರಳಿ ಕೊಡಿಸಿತು.

ಹಾಗಾದರೆ ಎಲ್ಲವನ್ನೂ ಎಲ್ಲರಿಗೂ ತೋರಿಸಬೇಕಾ? ಮನೆಯಲ್ಲಿ ಮಕ್ಕಳಿರುವ ತಾಯಂದಿರು ಇದನ್ನು ಕೇಳಿಯೇ ಕೇಳುತ್ತೀರಿ. ಖಂಡಿತ ಬೇಡ. ನಮ್ಮ ಮಾರ್ಕೆಟ್ ಯಾರ್ಡನ್ನೇ ನೋಡಿ. ಉಳ್ಳಾಗಡ್ಡಿ ಬರುತ್ತದೆ, ಆಯುತ್ತಾರೆ, ದೊಡ್ಡದು ಒಂದು ರಾಶಿ, ಸಣ್ಣದು ಒಂದು ರಾಶಿ, ಒಂದೊಂದಕ್ಕೆ ಒಂದೊಂದು ದರ. ಅದು ದರ್ಜೆ ಹಚ್ಚುವುದು. ‘ಈ ಉಳ್ಳಾಗಡ್ಡಿ ಕಣ್ಣಲ್ಲಿ ನೀರು ತರಿಸುತ್ತದೆ’ ಎಂದು ಲಾರಿಯನ್ನು ಗೇಟಿನಲ್ಲೇ ನಿಲ್ಲಿಸಿದರೆ ಅದು ಬೇರೆ. ನಮ್ಮ ಕಾನೂನೂ ನಿಧಾನವಾಗಿ ಇದೇ ಕಡೆ ಬಂದಿದೆ. 1983ರಲ್ಲಿ ಮಂಡಳಿಯ ಹೆಸರಿನಿಂದ ‘ಸೆನ್ಸಾರ್’ ತೆಗೆದು ‘ಪ್ರಮಾಣೀಕರಣ’ ಹಾಕಿದರು, ‘ಯು’ ಮತ್ತು ‘ಎ’ ನಡುವೆ ‘ಯುಎ’ ಬಂತು. 2023ರ ತಿದ್ದುಪಡಿಯಿಂದ ಆ ‘ಯುಎ’ 7, 13, 16 ವರ್ಷ ಎಂದು ಮೂರು ಮೆಟ್ಟಿಲಾಯಿತು. ಒಟಿಟಿಯಲ್ಲಿ ನೀವು ಏನಾದರೂ ಹಚ್ಚಿದಾಗ ಮೂಲೆಯಲ್ಲಿ ಕಾಣುವ ಅಂಕಿಯೂ ಇಂಥದ್ದೇ. ಅದನ್ನು ನೋಡಿ, ಮಕ್ಕಳ ಪ್ರೊಫೈಲಿಗೆ ಪಿನ್ ಹಾಕಿ. ಅದು ನಮ್ಮ ಜವಾಬ್ದಾರಿ, ಅದರಲ್ಲಿ ನಾಚಿಕೆ ಇಲ್ಲ.

ಆದರೆ ಆ ಅಂಕಿ ಹೇಳುವುದು ಅರ್ಧ ಮಾತ್ರ. ಅದು ತೆರೆಯ ಮೇಲೆ ಏನು ಕಾಣುತ್ತದೆ ಎಂದು ಹೇಳುತ್ತದೆ. ಚಿತ್ರ ಏನು ಕಲಿಸುತ್ತದೆ ಎಂದು ಹೇಳುವುದಿಲ್ಲ. ಹೆಂಡತಿಗೆ ಕಪಾಳಕ್ಕೆ ಹೊಡೆದು ‘ಪಾಠ ಕಲಿಸುವ’ ಹೀರೊ, ಬೇಡ ಅಂದ ಹುಡುಗಿಯ ಹಿಂದೆ ಮೂರು ಹಾಡು ಅಲೆದು ಕೊನೆಗೆ ಒಪ್ಪಿಸುವ ಹೀರೊ, ಇವೆಲ್ಲ ‘ಫ್ಯಾಮಿಲಿ ಸಿನಿಮಾ’ ಎಂಬ ಹೆಸರಿನಲ್ಲಿ ನಮ್ಮ ಹಾಲಿಗೆ ಬಂದಿವೆ. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿದ್ದೇವೆ, ಯಾರೂ ತಕರಾರು ತೆಗೆಯಲಿಲ್ಲ. ‘ಸಂಸ್ಕಾರ’ ಎಂದ ಕೂಡಲೇ ‘ಮನಸ್ಸಿಗೆ ನೋವಾಗುತ್ತದೆ’ ಎಂಬ ಮಾತು ಬಂತು. ಯಾವುದರಿಂದ ನೋವಾಗುತ್ತದೆ, ಯಾವುದರಿಂದ ಆಗುವುದಿಲ್ಲ ಎಂಬ ಈ ಲೆಕ್ಕವನ್ನು ಒಮ್ಮೆ ನಾವೇ ಕೂತು ತಾಳೆ ನೋಡಬೇಕು.

ಚಂದ್ರಿಯಾಗಿದ್ದ ಸ್ನೇಹಲತಾ ಅವರ ಮುಂದಿನ ಬದುಕು ಎಷ್ಟೋ ಜನರಿಗೆ ತಿಳಿಯದು. ತುರ್ತು ಪರಿಸ್ಥಿತಿಯಲ್ಲಿ, 1976ರ ಮೇ ತಿಂಗಳಲ್ಲಿ ಅವರನ್ನು ಬಂಧಿಸಿದರು. ವಿಚಾರಣೆ ಇಲ್ಲದೆ ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ತಿಂಗಳುಗಟ್ಟಲೆ ಇಟ್ಟರು. ಅವರಿಗೆ ಉಬ್ಬಸ ಇತ್ತು, ಜೈಲಿನಲ್ಲಿ ಅದು ವಿಪರೀತವಾಯಿತು. ಅಲ್ಲಿ ಅವರು ದಿನಚರಿ ಬರೆದರು. 1977ರ ಜನವರಿಯಲ್ಲಿ ಬಿಟ್ಟರು. ಹೊರಬಂದ ಕೆಲವೇ ದಿನಗಳಲ್ಲಿ, ಜನವರಿ 20ರಂದು ತೀರಿಕೊಂಡರು. ತೆರೆಯ ಮೇಲೆ ಅವರು ಆಡಿದ್ದು ಬಹಳ ಕಡಿಮೆ ಮಾತು. ತೆರೆಯ ಹೊರಗೆ ಬಾಯಿ ಮುಚ್ಚಿಕೊಳ್ಳಲು ಒಪ್ಪದಿದ್ದಕ್ಕೆ ತೆತ್ತದ್ದು ಇಷ್ಟು ದೊಡ್ಡ ಬೆಲೆ. ನಮ್ಮ ವೇದಿಕೆ ಅವರ ಚಿತ್ರ ನೋಡಲು ಅಂಜಿದರೆ ಅವರ ಬಗ್ಗೆ ಏನು ಹೇಳಿದ ಹಾಗಾಗುತ್ತದೆ?

ಆದ್ದರಿಂದ ಸಭೆಯ ಮುಂದೆ ನನ್ನ ಸೂಚನೆ ಇಡುತ್ತೇನೆ. ‘ಸಂಸ್ಕಾರ’ವನ್ನು ಈ ವರ್ಷದ ನಾಲ್ಕು ಚಿತ್ರಗಳಲ್ಲಿ ಸೇರಿಸೋಣ. ಹದಿನಾರು ದಾಟಿದ ಮಕ್ಕಳನ್ನೂ ಕರೆಯೋಣ, ಅದಕ್ಕಿಂತ ಸಣ್ಣವರಿಗೆ ಪಕ್ಕದ ಕೋಣೆಯಲ್ಲಿ ಬೇರೆ ಕಾರ್ಯಕ್ರಮ ಇರಲಿ. ಚಿತ್ರ ಮುಗಿದ ಮೇಲೆ ಒಂದು ತಾಸು ಚಹಾ ಜತೆ ಮಾತು. ಇಷ್ಟವಾಗದವರು ‘ಇಷ್ಟವಾಗಲಿಲ್ಲ, ಇದಕ್ಕೇ’ ಎಂದು ಹೇಳಬೇಕು, ಮೊದಲ ಮಾತು ಅವರದ್ದೇ ಆಗಲಿ. ನೋವಾಯಿತು ಅನ್ನುವವರ ಮಾತನ್ನೂ ಪೂರ್ತಿ ಕೇಳೋಣ, ನಡುವೆ ಬಾಯಿ ಹಾಕುವುದು ಬೇಡ. ನೋಡದೇ ಬೇಡ ಅನ್ನುವುದೊಂದನ್ನು ಮಾತ್ರ ಬಿಡೋಣ.

ಕಾಕೂ, ಹೆಣಾ ಇಟಗೊಂಡು ಎರಡು ತಾಸು ಏನು ನೋಡೋದು ಅಂತ ಕೇಳಿದ್ದಿರಿ. ಆ ಹೆಣ ಇರೋದರಿಂದಲೇ ಬದುಕಿರುವವರೆಲ್ಲರ ಬಣ್ಣ ಕಾಣುತ್ತದೆ. ಅದನ್ನು ನೋಡೋಣ. ಮೊದಲ ಸಾಲಿನಲ್ಲಿ ನಿಮ್ಮ ಕುರ್ಚಿ ನಾನೇ ಹಿಡಿದಿಡುತ್ತೇನೆ.